ಎಣಿಕೆ ಹೆಚ್ಚಾದರೆ ನರ ಚೇತರಿಸಿದಂತೆಯೇ?

ಪ್ರಶ್ನೆ: ಇಲಿಯ ಕಾಲಿಗೆ ಹೋಗುವ ದೊಡ್ಡ ನರವಾದ ಸಯಾಟಿಕ್ ನರವನ್ನು ಜಜ್ಜಿ, ಎಂಟು ವಾರಗಳ ಬಳಿಕ ಗಾಯದ ಕೆಳಗಿನ ನರತಂತುಗಳನ್ನು ಟೊಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಎಣಿಸಿದೆ. ಗಾಯವಾಗದ ನರಕ್ಕಿಂತ ಹೆಚ್ಚು ತಂತುಗಳು ಸಿಕ್ಕಿವೆ! ಹೊಳೆಯುವ ಬಣ್ಣದಿಂದ ಗುರುತಿಸುವ ಫ್ಲೋರೆಸೆನ್ಸ್ ವಿಧಾನಕ್ಕೆ ಬದಲಾಗಬೇಕೇ?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಗಾಬರಿಯಾಗಬೇಡಿ, ಇದು ಹಲವರು ಕಂಡಿರುವ ಫಲಿತಾಂಶ. ಕಡಿದ ನುಗ್ಗೆ ಕೊಂಬೆಯಂತೆ ಒಂದೇ ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ಹಲವು ಕವಲುಗಳಾಗಿ ಚಿಗುರುತ್ತದೆ. ನೀವು ಎಣಿಸಿದ್ದು ಕವಲುಗಳನ್ನು. ಎಷ್ಟು ನರಕೋಶಗಳು ಮರಳಿ ಬೆಳೆದವು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಫ್ಲೋರೋಗೋಲ್ಡ್‌ನಂತಹ ಬಣ್ಣವನ್ನು ಗಾಯದ ಕೆಳಗೆ ಹಚ್ಚಿ, ಅದು ಹಿಮ್ಮುಖವಾಗಿ ಸಾಗಿ ಬೆನ್ನುಹುರಿ ಸೇರಿದ ಮೇಲೆ ಅಲ್ಲಿನ ಕೋಶಗಳನ್ನು ಎಣಿಸಬೇಕು.

ಇರುವ ಸ್ಲೈಡಿನಲ್ಲೇ ಓದುವುದು ಇನ್ನೂ ಬಹಳವಿದೆ. ಕೊಬ್ಬನ್ನು ಕಪ್ಪಾಗಿಸುವ ಆಸ್ಮಿಯಂ ರಾಸಾಯನಿಕ ಹೀರಿದ, ಸುಮಾರು ಒಂದು ಮೈಕ್ರಾನ್ ದಪ್ಪದ ಛೇದವನ್ನು 100 ಪಟ್ಟಿನ ಆಯಿಲ್ ಲೆನ್ಸಿನಲ್ಲಿ ನೋಡಿ: ತಂತುವಿನ ಸುತ್ತಲಿನ ಕವಚವಾದ ಮಯಲಿನ್ ಕಡುನೀಲಿ ಬಳೆಗಳಂತೆ ಕಾಣುತ್ತದೆ. ಬಳೆಯ ಒಳವ್ಯಾಸವನ್ನು ಹೊರವ್ಯಾಸದಿಂದ ಭಾಗಿಸಿದರೆ ಸಿಗುವುದು ಜಿ-ಅನುಪಾತ. ಆರೋಗ್ಯವಂತ ನರದಲ್ಲಿ ಇದು 0.6ರ ಆಸುಪಾಸು. ಹೊಸ ತಂತು ಸಣ್ಣದು, ಬಳೆ ತೆಳು, ಆದ್ದರಿಂದ ಅನುಪಾತ ಹೆಚ್ಚು. ಎಣಿಕೆಯೊಂದಿಗೆ ತಂತುವಿನ ಗಾತ್ರವನ್ನೂ ಈ ಅನುಪಾತವನ್ನೂ ಕೊಡದ ವರದಿಯನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಆಕ್ಸಾನಿನೊಳಗಿನ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನಿಗೆ ಅಂಟುವ ಪ್ರತಿಕಾಯದ ಫ್ಲೋರೆಸೆನ್ಸ್, ಮಯಲಿನ್ ಇನ್ನೂ ಮೂಡದ ಮೊದಲ ದಿನಗಳಲ್ಲಿ ನಿಜಕ್ಕೂ ಉಪಯುಕ್ತ. ಆದರೆ ಅದರಲ್ಲಿ ಒತ್ತೊತ್ತಾದ ಕವಲುಗಳು ಒಂದೇ ಚುಕ್ಕೆಯಾಗಿ ಬೆರೆಯುತ್ತವೆ, ಕವಚದ ದಪ್ಪವೂ ಸಿಗದು. ಮಯಲಿನ್ ಇಲ್ಲದ ಸಣ್ಣ ತಂತುಗಳನ್ನು ಬಿಡಿಬಿಡಿಯಾಗಿ ನೋಡಲು ಇಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಬಣ್ಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಎಣಿಸುವ ಚೌಕಟ್ಟು, ಅಂದರೆ ಎಣಿಕೆಗೆಂದು ಚಿತ್ರದ ಮೇಲೆ ಇಡುವ ಚೌಕ. ದಪ್ಪ ತಂತು ಚೌಕಟ್ಟಿನ ಅಂಚಿಗೆ ತಾಗುವ ಸಂಭವ ಹೆಚ್ಚು. ಅಂಚಿಗೆ ತಾಗಿದ್ದನ್ನೆಲ್ಲ ಸೇರಿಸಿದರೆ ದಪ್ಪನೆಯವು ಲೆಕ್ಕದಲ್ಲಿ ಉಬ್ಬುತ್ತವೆ, ಎಲ್ಲವನ್ನೂ ಬಿಟ್ಟರೆ ಅವೇ ಕುಗ್ಗುತ್ತವೆ. ಪ್ರತಿ ತಂತುವಿನ ಮೇಲ್ತುದಿಯ ಬಿಂದುವನ್ನು ಮಾತ್ರ ನೋಡಿ. ಅದು ಚೌಕಟ್ಟಿನೊಳಗಿದ್ದರೆ ಎಣಿಸಿ, ಹೊರಗಿದ್ದರೆ ಬಿಡಿ. ಚೆನ್ನಾಗಿ ಕಂಡ ಜಾಗವನ್ನು ಆರಿಸಿಕೊಳ್ಳಬೇಡಿ. ಮೊದಲ ಬಿಂದುವನ್ನು ಯಾದೃಚ್ಛಿಕವಾಗಿ ಗೊತ್ತುಮಾಡಿ, ಅಲ್ಲಿಂದ ಸಮ ಅಂತರದಲ್ಲಿ ಇಡೀ ನರದ ಉದ್ದಗಲಕ್ಕೂ ಸಾಗಿ. ಸಾಫ್ಟ್‌ವೇರ್ ಬಳಸಿದರೂ ಈ ನಿಯಮ ತಪ್ಪದು.

ಸ್ಲೈಡಿನ ಲೇಬಲ್ ಮುಚ್ಚಿಸಿ, ಗಾಯದ ಕಾಲು ಯಾವುದೆಂದು ತಿಳಿಯದಂತೆ ಮತ್ತೊಮ್ಮೆ ಎಣಿಸಿ.