ತಾರೀಖು ಬರೆಸಿಕೊಂಡೇ ಬನ್ನಿ

ಪ್ರಶ್ನೆ: ಅಪ್ಪನಿಗೆ 62 ವರ್ಷ. ತೊಡೆಸಂದಿನಲ್ಲಿ ಹರ್ನಿಯಾ ಆಗಿದೆ. ಸರಕಾರಿ ಆಸ್ಪತ್ರೆಯಲ್ಲಿ ‘ಮುಂದಿನ ತಿಂಗಳು ಬನ್ನಿ’ ಎಂದು ಎರಡು ಸಲ ವಾಪಸ್ ಕಳಿಸಿದರು. ಖಾಸಗಿಯಲ್ಲಿ 45 ಸಾವಿರ ಕೇಳುತ್ತಾರೆ. ಬಿಪಿಎಲ್ ಕಾರ್ಡ್ ಇದೆ. ಸಾಲ ಮಾಡಿ ಆಪರೇಷನ್ ಮಾಡಿಸಿಬಿಡಲೇ?
– ಓದುಗರು, ಮುಧೋಳ

ಉತ್ತರ: ಸಾಲ ಮಾಡಬೇಡಿ ತಮ್ಮಾ. ಮುಂದಿನ ತಿಂಗಳು ಅಂದರೆ ಯಾವ ತಾರೀಖು? ಚೀಟಿಯಲ್ಲಿ ಬರೆದುಕೊಟ್ಟಿದ್ದಾರಾ?

ನಾನು 31 ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅದರಲ್ಲಿ 11 ವರ್ಷ ಆಪರೇಷನ್ ಥಿಯೇಟರಿನಲ್ಲೇ. ನಮ್ಮಲ್ಲಿ ಅರಿವಳಿಕೆ ಡಾಕ್ಟರ್ ಒಬ್ಬರೇ ಇದ್ದರು. ಬೆಳಿಗ್ಗೆ ಒಂದು ಸಿಸೇರಿಯನ್, ಮಧ್ಯಾಹ್ನ ಒಂದು ಟ್ರ್ಯಾಕ್ಟರ್ ಅಪಘಾತ ಬಂದರೆ ಮುಗೀತು, ರಾತ್ರಿಯಿಂದ ಉಪವಾಸ ಇದ್ದ ಹರ್ನಿಯಾದವರು ಊರಿಗೆ ವಾಪಸ್. ಕಬ್ಬಿನ ಹಂಗಾಮಿನಲ್ಲಂತೂ ಇದು ಜಾಸ್ತಿ. ಜೀವ ಹೋಗುವವರನ್ನು ಮೊದಲು ನೋಡಲೇಬೇಕು, ಅದು ಸರಿ. ಆದರೆ ವಾಪಸ್ ಹೋದವರ ಹೆಸರು ಮುಂದಿನ ಸರದಿಯಲ್ಲಿ ಮೊದಲು ಬರಬೇಕಲ್ವಾ? ಬರುತ್ತಿರಲಿಲ್ಲ. ಅವರು ಮತ್ತೆ ಕೊನೆಗೇ ನಿಲ್ಲುತ್ತಿದ್ದರು. ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸಿ ಎಂದು ಎಷ್ಟೋ ಸಲ ಕೇಳಿಕೊಂಡೆ. ಈಗಲೂ ಅದನ್ನೇ ಕೇಳುತ್ತೇನೆ.

ಇನ್ನು ನಿಮ್ಮ ಕಾರ್ಡಿನ ಮಾತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಆದರೆ ತುರ್ತು ಇಲ್ಲದಾಗ ಸುಮ್ನೆ ಕಾರ್ಡ್ ಹಿಡಿದು ಖಾಸಗಿಗೆ ಹೋದರೆ ನಡೆಯುವುದಿಲ್ಲ. ಮೊದಲು ಸರಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಆಗದಿದ್ದರೆ ಡಾಕ್ಟರ್ ರೆಫರಲ್ ಪತ್ರ ಕೊಡುತ್ತಾರೆ. ಆ ಪತ್ರದ ಮೇಲೆ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಅಲ್ಲಿ ಈ ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ ‘ಆರೋಗ್ಯ ಮಿತ್ರ’ರನ್ನು ಮೊದಲು ಕಾಣಿ.

ಈ ಸಲ ಹೋದಾಗ ಸರ್ಜನ್ ಹತ್ತಿರ ಎರಡರಲ್ಲಿ ಒಂದು ಬರೆಸಿಕೊಳ್ಳಿ, ಇಲ್ಲಾ ಆಪರೇಷನ್ ತಾರೀಖು, ಇಲ್ಲಾ ರೆಫರಲ್. ಎರಡೂ ಆಗದಿದ್ದರೆ ಬೆಳಗಾವಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬಿಮ್ಸ್‌ನಲ್ಲಿ ತೋರಿಸಿ. ಕಾಲೇಜು ಇರುವ ಕಡೆ ಸರ್ಜನ್‌ಗಳು ಜಾಸ್ತಿ. ಕಾಯುವಾಗಲೇ ಸಕ್ಕರೆ, ಬಿಪಿ, ಇಸಿಜಿ ಪರೀಕ್ಷೆ ಮುಗಿಸಿಡಿ. ಸಕ್ಕರೆ ಹೆಚ್ಚಿದೆ ಎಂದು ಟೇಬಲ್‌ವರೆಗೆ ಬಂದು ಮರಳಿದವರನ್ನು ಕಂಡು ಹೊಟ್ಟೆ ಉರಿದಿದೆ ನನಗೆ.

ಒಂದು ಮಾತ್ರ ನೆನಪಿಡಿ. ಮಲಗಿದಾಗ ಒಳಗೆ ಹೋಗುತ್ತಿದ್ದ ಗಂಟು ಹೋಗದೆ ಗಟ್ಟಿಯಾದರೆ, ನೋವು ಏರಿದರೆ, ವಾಂತಿ ಶುರುವಾದರೆ ಸರದಿ ನೋಡಬೇಡಿ. ಕರುಳು ಸಿಕ್ಕಿಕೊಂಡಿರಬಹುದು. ಆಗಲೇ 108ಕ್ಕೆ ಫೋನ್ ಮಾಡಿ, ರಾತ್ರಿಯಾದರೂ ಸರಿ. ಇಂಥ ತುರ್ತಿಗೆ ರೆಫರಲ್ ಪತ್ರ ಬೇಕಿಲ್ಲ.

ಅಲ್ಲಿಯವರೆಗೆ ಕೆಮ್ಮು, ಮಲಬದ್ಧತೆ ಇದ್ದರೆ ಔಷಧಿ ಕೊಡಿಸಿ. ಅಪ್ಪ ಎಷ್ಟೇ ಹಟ ಮಾಡಲಿ, ಕಬ್ಬಿನ ಹೊರೆ ಎತ್ತಲು ಬಿಡಬೇಡಿ.