ಕ್ಯಾರವಾನ್ ಎಳೆಯುವ ಫೋರ್ ವೀಲ್ ಡ್ರೈವ್ ಗಾಡಿಗೆ ಕಡಿಮೆ ಬೆಲೆಯಲ್ಲಿ ಯಾವ ಟೈರ್ ಹಾಕಿಸಲಿ?

ಬಾಗಲಕೋಟೆಯವರು ನೀವು. 2012ರ ಫೋರ್ ವೀಲ್ ಡ್ರೈವ್ ಸ್ಕಾರ್ಪಿಯೊ ಇದೆ, ಹಿಂದೆ ಒಂಬೈನೂರು ಕಿಲೊ ತೂಗುವ ಪುಟ್ಟ ಕ್ಯಾರವಾನ್, ಕೈಯಲ್ಲಿ ದುಡ್ಡು ಅಷ್ಟಿಲ್ಲ. ದಪ್ಪ ಬಟನ್ನಿನ, ಅಂದರೆ ಮೇಲ್ಮೈಯಲ್ಲಿ ದಪ್ಪ ಉಬ್ಬುಗಳಿರುವ, ಮಡ್ ಟೈರ್ ಹಾಕಿಸಲೇ ಎಂದು ಕೇಳಿದ್ದೀರಿ. ಬೇಡ. ಆ ದುಡ್ಡಿನಲ್ಲಿ ಕ್ಯಾರವಾನಿನ ಎರಡು ಟೈರ್ ಮೊದಲು ಬದಲಾಯಿಸಿ. ನೀವು ಅವುಗಳ ಮಾತನ್ನೇ ಎತ್ತಿಲ್ಲ.

ನಾನು ವಿಜಯಪುರದಲ್ಲಿ ಮದುವೆ, ಜಾತ್ರೆಗಳ ಅಡುಗೆ ಗುತ್ತಿಗೆ ಹಿಡಿಯುವವನು. ನಿಮ್ಮಂಥದೇ ಸ್ಕಾರ್ಪಿಯೊದಲ್ಲಿ ಪಾತ್ರೆ, ಒಲೆ, ಸಿಲಿಂಡರ್ ತುಂಬಿದ ಟ್ರೇಲರ್ ಎಳೆಯುತ್ತೇನೆ. 2019ರ ಮೇ ತಿಂಗಳಲ್ಲಿ ಕೊಲ್ಹಾರದ ಸೇತುವೆ ದಾಟಿ ಬೀಳಗಿ ಕಡೆ ಹೊರಟಿದ್ದೆ. ಮಧ್ಯಾಹ್ನ ಎರಡು ಗಂಟೆ. ಹಿಂದಿನಿಂದ ಡೋಲು ಬಡಿದಂತೆ ಸದ್ದು ಕೇಳಿತು. ಇಳಿದು ನೋಡಿದರೆ ಟ್ರೇಲರಿನ ಬಲಗಡೆಯ ಟೈರಿನ ಮೇಲ್ಪದರ, ಉಬ್ಬಿದ ರೊಟ್ಟಿಯ ಪದರ ಸುಲಿದಂತೆ, ಮೊಳದುದ್ದ ಕಿತ್ತು ಜೋತಾಡುತ್ತಿತ್ತು. ಬಟನ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಆ ಧೈರ್ಯದ ಮೇಲೆಯೇ ನಾನು ಓಡಿಸುತ್ತಿದ್ದುದು. ಟ್ರೇಲರಿನ ಅಡಿಗೆ ತೂರಿ ಒಳಬದಿಯ ಧೂಳು ಒರೆಸಿದಾಗ ಮೊಟ್ಟೆಯಾಕಾರದ ಗೆರೆಯೊಳಗೆ 1410 ಎಂದು ಕಂಡಿತು. 2010ರ ಹದಿನಾಲ್ಕನೆಯ ವಾರದಲ್ಲಿ ತಯಾರಾದ ಟೈರ್ ಅದು. ಟ್ರೇಲರ್ ವರ್ಷದಲ್ಲಿ ಬಹುಪಾಲು ನಿಂತಲ್ಲೇ ನಿಂತಿರುತ್ತದೆ. ಬಟನ್ ಸವೆಯುವ ಮೊದಲೇ ಬಿಸಿಲಿಗೆ ರಬ್ಬರ್ ಸತ್ತುಹೋಗಿರುತ್ತದೆ. ಆದ್ದರಿಂದ ಇಂದೇ ಬ್ಯಾಟರಿ ಹಿಡಿದು ನಿಮ್ಮ ಕ್ಯಾರವಾನಿನ ಅಡಿಗೆ ಹೋಗಿ ಆ ನಾಲ್ಕು ಅಂಕಿ ಓದಿ. ಒಂದೇ ಬದಿಗೆ ಇರುವುದುಂಟು. ಆರು ವರ್ಷ ದಾಟಿದ್ದರೆ ಚೌಕಾಸಿ ಬೇಡ, ತೆಗೆಸಿ.

ಇನ್ನು ಸ್ಕಾರ್ಪಿಯೊ. ಅದರ ಅಳತೆ 235/70 ಆರ್16 ಇರಬೇಕು. ಬಾಗಿಲ ಕಂಬದ ಮೇಲಿನ ಚೀಟಿಯನ್ನು ಒಮ್ಮೆ ನೋಡಿಕೊಳ್ಳಿ. ಅಳತೆಯ ಮುಂದೆ 105 ಎಸ್ ಎಂಬಂತೆ ಇನ್ನೊಂದು ಗುರುತು ಇರುತ್ತದೆ. 105 ಎಂದರೆ ಆ ಟೈರ್ 925 ಕಿಲೊ ಹೊರಬಲ್ಲದು, ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗದವರೆಗೆ. ವೇಗದ ಅಕ್ಷರ ನಮಗೆ ಮುಖ್ಯವಲ್ಲ, ಕ್ಯಾರವಾನ್ ಕಟ್ಟಿಕೊಂಡು ಎಂಬತ್ತು ದಾಟುವ ಅಗತ್ಯವಿಲ್ಲ. ಭಾರದ ಸಂಖ್ಯೆ ಮಾತ್ರ ಕಂಪನಿ ಕೊಟ್ಟದ್ದಕ್ಕಿಂತ ಇಳಿಯಕೂಡದು.

ಏಕೆಂದರೆ ಕ್ಯಾರವಾನಿನ ಮೂತಿ ಗಾಡಿಯ ಹಿಂಬದಿಯನ್ನು ಒತ್ತುತ್ತದೆ. ಚಕ್ಕಡಿ ಹೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರ ಅತಿಯಾದರೆ ಹೆಗಲು ಕುಸಿಯುತ್ತದೆ. ಕ್ಯಾರವಾನಿಗೂ ಹದವಾದ ಮುಂಭಾರ ಬೇಕು, ಒಟ್ಟು ತೂಕದ ಹತ್ತರಲ್ಲೊಂದು ಪಾಲಿನಷ್ಟು. ನಿಮ್ಮ ಲೆಕ್ಕದಲ್ಲಿ ತೊಂಬತ್ತು ಕಿಲೊ. ಆದರೆ ಕ್ಯಾರವಾನ್ ಸಿಕ್ಕಿಸುವ ಕೊಂಡಿ ಹಿಂದಿನ ಆಕ್ಸಲಿಗಿಂತ ಆಚೆ ಇರುವುದರಿಂದ ಹಿಂದಿನ ಟೈರುಗಳ ಮೇಲೆ ತೊಂಬತ್ತಕ್ಕಿಂತ ಹೆಚ್ಚೇ ಬೀಳುತ್ತದೆ, ಆ ಹೆಚ್ಚಿದಷ್ಟು ಮುಂದಿನವು ಹಗುರಾಗುತ್ತವೆ. ಒಂಬೈನೂರು ಎಂಬುದೂ ಖಾಲಿ ತೂಕವಿದ್ದೀತು. ನೀರು, ಗ್ಯಾಸ್, ಹಾಸಿಗೆ ಎಲ್ಲ ತುಂಬಿ ಯಾವುದಾದರೂ ಕಾಟಾಕ್ಕೆ ಒಯ್ದು ತೂಗಿಸಿ.

ಬಟನ್ ವಿಷಯ. ಮಡ್ ಟೈರ್ ನೋಡಲು ಚಂದ. ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಡೀಸೆಲ್ ಕುಡಿಯುತ್ತದೆ. ಎರೆ ಹೊಲದಲ್ಲಾದರೂ ಒದಗೀತೇ? ಮಳೆ ಬಿದ್ದ ಎರೆಮಣ್ಣು ಯಾವ ಬಟನ್ನಿಗಾದರೂ ಮೆತ್ತಿಕೊಂಡು ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರವನ್ನು ಕರಿ ಉಂಡೆ ಮಾಡುತ್ತದೆ. ಹಿಂದೆ ಒಂಬೈನೂರು ಕಿಲೊ ಕಟ್ಟಿಕೊಂಡು ಅಲ್ಲಿಗೆ ಇಳಿಯುವವನಿಗೆ ಟೈರ್ ಅಲ್ಲ, ಟ್ರ್ಯಾಕ್ಟರ್ ಬೇಕು. ನೀವು ಹೆದ್ದಾರಿಯಲ್ಲೇ ಓಡಾಡುವವರಾದರೆ ಎಚ್‌ಟಿ, ಅಂದರೆ ಹೆದ್ದಾರಿಗೆಂದೇ ಮಾಡಿದ ಟೈರ್, ಸಾಕು, ಅದೇ ಅಗ್ಗ. ಕಚ್ಚಾ ರಸ್ತೆ ಹೆಚ್ಚಿದ್ದರೆ ಹಗುರ ಬಟನ್ನಿನ ಎಟಿ, ಅಂದರೆ ಎಲ್ಲ ಬಗೆಯ ರಸ್ತೆಗೂ ಆಗುವ ಟೈರ್. ಅಪೊಲೊ, ಸಿಯೆಟ್, ಎಂಆರ್‌ಎಫ್, ಜೆಕೆ ಇವುಗಳಲ್ಲಿ ನಿಮ್ಮ ಊರಿನ ಅಂಗಡಿಯಲ್ಲಿ ಹೊಸ ತಾರೀಖಿನದು ಯಾವುದು ಸಿಗುತ್ತದೋ ಅದು. ನಾನು ಹೆಸರು ನೋಡುವುದನ್ನು ಬಿಟ್ಟು ತಾರೀಖು ನೋಡುತ್ತೇನೆ. ಎರಡು ವರ್ಷ ಗೋದಾಮಿನಲ್ಲಿ ಕುಳಿತ ಟೈರನ್ನು ರಿಯಾಯಿತಿ ಎಂದು ಕೊಡುತ್ತಾರೆ, ಅದು ನಿಮ್ಮ ಆಯುಷ್ಯದಿಂದ ಕಳೆದದ್ದು.

ಈಗ ಎರಡು, ಮುಂದೆ ಎರಡು ಎಂದು ಕಂತಿನಲ್ಲಿ ಬೇರೆ ಬೇರೆ ಟೈರ್ ಹಾಕಿಸಬೇಡಿ. ಮುಂದಿನ ಮತ್ತು ಹಿಂದಿನ ಚಕ್ರಗಳ ಸುತ್ತಳತೆ ಬೇರೆಯಾದರೆ ಫೋರ್ ವೀಲ್ ಹಾಕಿದಾಗ ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ತಿರುಚಿಕೊಳ್ಳುತ್ತದೆ, ಅದರ ಬಿಲ್ಲಿನ ಮುಂದೆ ಟೈರಿನದು ಏನೂ ಅಲ್ಲ. ಸವೆದ ಟೈರಿಗೆ ಹೊಸ ಮೇಲ್ಪದರ ಅಂಟಿಸಿದ ರಿಸೋಲ್ ಟೈರನ್ನಂತೂ ಎಳೆಯುವ ಗಾಡಿಗೆ ಹಾಕಿಸಲೇಬೇಡಿ.

ನಮ್ಮ ಕಡೆ ಒಂದು ನಂಬಿಕೆ ಇದೆ: ಬೇಸಿಗೆಯಲ್ಲಿ ಟೈರ್ ಸಿಡಿಯುತ್ತದೆ, ಗಾಳಿ ಕಡಿಮೆ ಇಡಬೇಕು. ಪಂಕ್ಚರ್ ತೆಗೆಯುವ ಹುಡುಗರೂ ಹೀಗೇ ಹೇಳುತ್ತಾರೆ, ನಾನೂ ಟೈರ್ ಕಿತ್ತ ಆ ದಿನ ಹಾಗೇ ಮಾಡಿದ್ದೆ. ನಡೆಯುವುದು ಅದರ ಉಲ್ಟಾ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಡಿಸುತ್ತದೆ, ತಂತಿಯನ್ನು ಬಗ್ಗಿಸಿ ಬಗ್ಗಿಸಿ ಬಿಸಿ ಮಾಡಿ ಮುರಿದಂತೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ತುಂಬಿದ ಗಾಡಿಗೆ ಚೀಟಿಯಲ್ಲಿ ಹೇಳಿದಷ್ಟು ಒತ್ತಡವನ್ನು ಹಿಂದಿನ ಟೈರುಗಳಿಗೆ ಇಡಿ. ದಾರಿಯಲ್ಲಿ ಬಿಸಿಯಾಗಿ ಒತ್ತಡ ಏರಿತೆಂದು ಗಾಳಿ ಬಿಡಬೇಡಿ, ಏರುವುದು ಸಹಜ.

ನೈಟ್ರೋಜನ್ ಹಾಕಿಸಲೇ ಎಂದೂ ಕೇಳಿದ್ದೀರಿ. ಸಾಮಾನ್ಯ ಗಾಳಿಯಲ್ಲೇ ನೈಟ್ರೋಜನ್ ನೂರಕ್ಕೆ 78ರಷ್ಟಿದೆ. ಆ ದುಡ್ಡಿಗೆ ಗಾಳಿಯ ಒತ್ತಡ ಅಳೆಯುವ ಒಂದು ಒಳ್ಳೆಯ ಗೇಜ್ ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.