ಅಣು ವಿದ್ಯುತ್ ಸ್ಥಾವರ ಕಟ್ಟುವಾಗ ಸುತ್ತಲಿನ ರಸ್ತೆಗಳ ಗತಿ ಏನಾಗುತ್ತದೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ನೀವಿರುವ ಜಾಗದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಅಣು ವಿದ್ಯುತ್ ಸ್ಥಾವರ ಬರುವ ಪ್ರಸ್ತಾಪವಿದೆ. ಎಲ್ಲರೂ ವಿಕಿರಣದ ಬಗ್ಗೆ ಮಾತನಾಡುತ್ತಿದ್ದಾರೆ. ಆದರೆ ಅಲ್ಲಿಗೆ ಹೋಗುವ ಏಕೈಕ ರಸ್ತೆ ನಿಮ್ಮ ಮನೆಯ ಮುಂದೆ, ಮಕ್ಕಳ ಶಾಲೆಯ ಮುಂದೆಯೇ ಹಾದುಹೋಗುತ್ತದೆ. ನೂರಾರು ಟನ್ ತೂಕದ ಯಂತ್ರಗಳು ಆ ರಸ್ತೆಯಲ್ಲಿ ಬಂದರೆ ಏನಾಗುತ್ತದೆ, ಈ ಓಡಾಟ ಎಷ್ಟು ವರ್ಷ ಇರುತ್ತದೆ, ಅಹವಾಲು ಸಭೆಯಲ್ಲಿ ಏನು ಕೇಳಬೇಕು ಎಂಬುದು ನಿಮ್ಮ ಚಿಂತೆ.

ದೊಡ್ಡ ನಿರ್ಮಾಣ ಯೋಜನೆಗಳ ಸಂಚಾರ ವರದಿಗಳನ್ನು ಓದಿ, ಅವುಗಳಲ್ಲಿನ ಲೆಕ್ಕವನ್ನು ತಾಳೆ ನೋಡುವುದು ನನ್ನ ವೃತ್ತಿ. ನೇರವಾಗಿಯೇ ಹೇಳುತ್ತೇನೆ: ಆ ಯಂತ್ರಗಳನ್ನು ಹೊತ್ತು ತರುವ ದೈತ್ಯ ಟ್ರೇಲರ್‌ಗೆ ಹೆದರಬೇಡಿ. ನಿಮ್ಮ ರಸ್ತೆಯನ್ನು ಹಾಳುಮಾಡುವುದು ಜಲ್ಲಿ ಲಾರಿ, ನಿಮ್ಮ ಬೆಳಗನ್ನು ಹಾಳುಮಾಡುವುದು ಪಾಳಿ ಬದಲಾಗುವ ಹೊತ್ತು.

ಟ್ರೇಲರ್ ವಿಷಯವನ್ನು ಮೊದಲು ಮುಗಿಸೋಣ. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಹಿಂಕ್ಲಿ ಪಾಯಿಂಟ್ ಸಿ ಎಂಬ ಎರಡು ರಿಯಾಕ್ಟರ್‌ಗಳ ಸ್ಥಾವರ ಕಟ್ಟಲಾಗುತ್ತಿದೆ. ಅದರ ಮೊದಲ ರಿಯಾಕ್ಟರ್ ಪಾತ್ರೆ, ಅಂದರೆ ಅಣು ಇಂಧನವನ್ನು ಒಳಗಿಡುವ ಉಕ್ಕಿನ ಪಾತ್ರೆ, 2023ರ ಫೆಬ್ರವರಿಯಲ್ಲಿ ಬಂದಿತು. ತೂಕ ಸುಮಾರು 500 ಟನ್, ಉದ್ದ 13 ಮೀಟರ್. ಫ್ರಾನ್ಸ್‌ನಲ್ಲಿ ತಯಾರಾದ ಅದು ಹಡಗಿನಲ್ಲಿ ಏವನ್‌ಮೌತ್ ಬಂದರಿಗೆ ಬಂದು, ಅಲ್ಲಿಂದ ಬಾರ್ಜ್ ಎಂಬ ಚಪ್ಪಟೆ ತಳದ ಸರಕು ದೋಣಿ ಏರಿ ಪ್ಯಾರೆಟ್ ನದಿಯ ಕೂಮ್‌ವಿಚ್ ಕಟ್ಟೆಗೆ ತಲುಪಿತು. ರಸ್ತೆಯ ಮೇಲೆ ಸಾಗಿದ್ದು ಕೊನೆಯ ನಾಲ್ಕು ಮೈಲು ಮಾತ್ರ. ಇಂಥ ಪ್ರಯಾಣಕ್ಕೆ ತಿಂಗಳುಗಟ್ಟಲೆ ಮೊದಲೇ ಸೇತುವೆಗಳನ್ನು ಪರೀಕ್ಷಿಸುತ್ತಾರೆ, ತಂತಿಗಳನ್ನು ಮೇಲೆತ್ತುತ್ತಾರೆ, ಪೊಲೀಸರು ದಾರಿ ಬಿಡಿಸುತ್ತಾರೆ. ಜನ ಫೋಟೊ ತೆಗೆಯುತ್ತಾರೆ. ಒಂದು ದಿನ ರಸ್ತೆ ಮುಚ್ಚುತ್ತದೆ, ಮರುದಿನ ತೆರೆಯುತ್ತದೆ.

ತೊಂದರೆಯೇ ಇಲ್ಲವೆಂದಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ವೋಗ್ಟಲ್ ಸ್ಥಾವರದ ಮೂರನೇ ಘಟಕದ ರಿಯಾಕ್ಟರ್ ಪಾತ್ರೆಯನ್ನು 2012ರ ಕೊನೆಯಲ್ಲಿ ರೈಲಿನಲ್ಲಿ ಸಾಗಿಸಲು ಹೊರಟಾಗ, ಸವಾನ್ನಾ ಬಂದರು ಬಿಟ್ಟ ಸ್ವಲ್ಪ ದೂರದಲ್ಲೇ ಅದನ್ನು ಹೊತ್ತ ವ್ಯಾಗನ್ ಓರೆಯಾಗಿ, ಪಾತ್ರೆಯನ್ನು ಮತ್ತೆ ಬಂದರಿಗೆ ತರಬೇಕಾಯಿತು. ನಮ್ಮ ದೇಶದ ಕೂಡಂಕುಳಂನಲ್ಲಿ 2023ರ ಸೆಪ್ಟೆಂಬರಿನಲ್ಲಿ ಎರಡು ಸ್ಟೀಮ್ ಜನರೇಟರ್‌ಗಳನ್ನು (ಉಗಿ ತಯಾರಿಸುವ ಭಾರಿ ಯಂತ್ರಗಳನ್ನು) ಹೊತ್ತು ತೂತ್ತುಕುಡಿಯಿಂದ ಬರುತ್ತಿದ್ದ ಬಾರ್ಜ್‌ನ ಎಳೆಹಗ್ಗ ತುಂಡಾಗಿ, ಸ್ಥಾವರದ ಜೆಟ್ಟಿಯ (ಹಡಗಿನಿಂದ ಸರಕು ಇಳಿಸುವ ಕಟ್ಟೆಯ) ಸಮೀಪವೇ ಅದು ಬಂಡೆಗಳ ಮೇಲೆ ಸಿಕ್ಕಿಕೊಂಡಿತು. ಬಿಡಿಸಲು ವಾರಗಳೇ ಹಿಡಿದವು. ಇವೆಲ್ಲ ಕಟ್ಟುವವರಿಗೆ ದುಬಾರಿ ಪೆಟ್ಟು. ದಾರಿಯ ಬದಿಯಲ್ಲಿ ಬದುಕುವವರಿಗೆ ಅಷ್ಟಾಗಿ ತಟ್ಟುವುದಿಲ್ಲ.

ರಸ್ತೆಯ ಸವೆತದ ಲೆಕ್ಕ ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆಗಳನ್ನು ಹಾಕಿ, ಅವುಗಳ ಮೇಲೆ ಸುಮಾರು ಎರಡು ವರ್ಷ ಲಾರಿಗಳನ್ನು ಓಡಿಸಿ ನೋಡಿದರು. ಕಂಡುಬಂದದ್ದು ಇಷ್ಟು: ಒಂದು ಆಕ್ಸಲ್, ಅಂದರೆ ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು, ರಸ್ತೆಗೆ ಮಾಡುವ ಹಾನಿ ಅದರ ಮೇಲಿನ ಭಾರದ ಸುಮಾರು ನಾಲ್ಕನೇ ಘಾತದಷ್ಟು ಏರುತ್ತದೆ. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಹತ್ತು ಟನ್ ಹೊರಬೇಕಾದ ಆಕ್ಸಲ್ ಮೇಲೆ ಹದಿಮೂರು ಟನ್ ಹೇರಿದರೆ ಹಾನಿ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ದೈತ್ಯ ಟ್ರೇಲರ್‌ಗೆ ಹತ್ತಾರು ಆಕ್ಸಲ್‌ಗಳು, ನೂರಾರು ಚಕ್ರಗಳಿರುತ್ತವೆ. ತೂಕ ಹಂಚಿಹೋಗುವಂತೆ ಹೈಡ್ರಾಲಿಕ್ ವ್ಯವಸ್ಥೆಯಿರುತ್ತದೆ, ಒಂದೊಂದು ಆಕ್ಸಲ್‌ನ ಭಾರವನ್ನೂ ಮೊದಲೇ ಲೆಕ್ಕ ಹಾಕಿರುತ್ತಾರೆ. ಮಿತಿ ಮೀರಿ ತುಂಬಿಕೊಂಡು ಬರುವ ಜಲ್ಲಿ ಲಾರಿಗೆ ಈ ಶಿಸ್ತು ಯಾವುದೂ ಇಲ್ಲ. ಮೇಲಾಗಿ ಅದು ಒಮ್ಮೆ ಬಂದು ಹೋಗುವುದಿಲ್ಲ, ದಿನವೂ ಬರುತ್ತದೆ.

ಎಷ್ಟು ಬಾರಿ ಬರುತ್ತದೆ? ಹಿಂಕ್ಲಿಯ ಎರಡು ರಿಯಾಕ್ಟರ್‌ಗಳಿಗೆ ಬೇಕಾದ ಕಾಂಕ್ರೀಟ್ 30 ಲಕ್ಷ ಟನ್, ಕಬ್ಬಿಣದ ಸರಳು 2.3 ಲಕ್ಷ ಟನ್. ಕಾಂಕ್ರೀಟನ್ನು ಸ್ಥಳದಲ್ಲೇ ಕಲಸುತ್ತಾರೆ, ಆದರೆ ಜಲ್ಲಿ, ಮರಳು, ಸಿಮೆಂಟ್ ಹೊರಗಿನಿಂದಲೇ ಬರಬೇಕು. 30 ಲಕ್ಷ ಟನ್ ಪೂರ್ತಿಯಾಗಿ 20 ಟನ್ನಿನ ಲಾರಿಗಳಲ್ಲಿ ಬಂದರೆ ಒಂದೂವರೆ ಲಕ್ಷ ಲೋಡು. ಖಾಲಿಯಾಗಿ ಹಿಂದಿರುಗುವ ಲಾರಿಯೂ ನಿಮ್ಮ ಮನೆ ಮುಂದೆಯೇ ಹೋಗುವುದರಿಂದ ಮೂರು ಲಕ್ಷ ಓಡಾಟ. ಇದು ಕಾಂಕ್ರೀಟಿನದು ಮಾತ್ರ. ಮಣ್ಣು, ಪೈಪು, ಕೇಬಲ್, ಇಂಧನ, ಕಾರ್ಮಿಕರ ಆಹಾರ, ಕಸ ಎಲ್ಲವೂ ಇದರ ಮೇಲೆ.

ಹಾಗಾಗಿಯೇ ಅಲ್ಲಿ ಬ್ರಿಸ್ಟಲ್ ಚಾನೆಲ್ ಎಂಬ ಸಮುದ್ರದ ಚಾಚಿನೊಳಗೆ 500 ಮೀಟರ್ ಉದ್ದದ ತಾತ್ಕಾಲಿಕ ಜೆಟ್ಟಿ ಕಟ್ಟಿ, ಜಲ್ಲಿ ಮರಳಿನ ದೊಡ್ಡ ಪಾಲನ್ನು ಸಮುದ್ರದ ದಾರಿಯಲ್ಲಿ ತಂದರು. 5,000 ಟನ್ ಹೊತ್ತ ಒಂದು ಹಡಗು ಬಂದರೆ 250 ಲಾರಿ ಲೋಡು ರಸ್ತೆಯಿಂದ ಕಡಿಮೆಯಾದಂತೆ. ಸಂಚಾರದ ಹೊರೆ ಇಳಿಸುವ ಉಪಾಯಗಳಲ್ಲಿ ಇದಕ್ಕೆ ಸಮನಾದದ್ದು ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ರಸ್ತೆ ಅಗಲ ಮಾಡುವುದು, ಸಿಗ್ನಲ್ ಹಾಕುವುದು, ಫಲಕ ನೆಡುವುದು ಎಲ್ಲ ಇದರ ನಂತರ. ಸ್ಥಾವರಕ್ಕೆ ತಂಪುಗೊಳಿಸಲು ಅಪಾರ ನೀರು ಬೇಕಾದ್ದರಿಂದ ಅದು ಸಮುದ್ರ, ದೊಡ್ಡ ನದಿ ಅಥವಾ ಜಲಾಶಯದ ದಂಡೆಯಲ್ಲೇ ಇರುವುದು ಸಾಮಾನ್ಯ. ಆ ನೀರಿನಲ್ಲಿ ಸರಕು ತರಲು ಸಾಧ್ಯವೇ, ಇಲ್ಲದಿದ್ದರೆ ರೈಲು ಹಳಿ ಎಲ್ಲಿಯವರೆಗೆ ಬರುತ್ತದೆ ಎಂಬುದೇ ಸಭೆಯಲ್ಲಿ ನಿಮ್ಮ ಮೊದಲ ಪ್ರಶ್ನೆಯಾಗಲಿ. ಶೇಕಡಾ ಎಷ್ಟು ಸರಕು ರಸ್ತೆ ಬಿಟ್ಟು ಬರುತ್ತದೆ ಎಂಬುದನ್ನು ಅನುಮತಿ ಪತ್ರದಲ್ಲೇ ಷರತ್ತಾಗಿ ಬರೆಸಿ. "ಸಾಧ್ಯವಾದಷ್ಟು" ಎಂಬ ಪದ ಅಲ್ಲಿದ್ದರೆ ಒಪ್ಪಬೇಡಿ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಯಾವುದು ಮೊದಲು? ಜೆಟ್ಟಿ, ರೈಲು ಹಳಿ, ಬೈಪಾಸ್ ಇವೆಲ್ಲವೂ ನಕ್ಷೆಯಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆದರೆ ಅವುಗಳನ್ನು ಕಟ್ಟಲೂ ಎರಡು ಮೂರು ವರ್ಷ ಬೇಕು. ನೆಲ ಸಮತಟ್ಟು ಮಾಡುವ, ಅಡಿಪಾಯ ಅಗೆಯುವ ಕೆಲಸ ಅಷ್ಟರೊಳಗೆ ಶುರುವಾಗಿಬಿಟ್ಟರೆ ಲಾರಿಗಳೆಲ್ಲ ಇರುವ ಹಳೆಯ ರಸ್ತೆಯನ್ನೇ ಹಿಡಿಯುತ್ತವೆ. ಇಂಗ್ಲೆಂಡಿನ ಸಫೋಕ್‌ನಲ್ಲಿ ಸೈಜ್‌ವೆಲ್ ಸಿ ಸ್ಥಾವರದ ಸುತ್ತಲಿನ ಹಳ್ಳಿಯವರು ವರ್ಷಗಟ್ಟಲೆ ವಾದಿಸಿದ್ದು ಮುಖ್ಯವಾಗಿ ಇದನ್ನೇ. ಹೊಸ ಸಂಪರ್ಕ ರಸ್ತೆ ಬರುತ್ತದೆ, ಸರಿ. ಅದು ಸಿದ್ಧವಾಗುವವರೆಗೆ ಥೆಬರ್ಟನ್‌ನಂಥ ಹಳ್ಳಿಗಳ ನಡುವೆ ಹಾದುಹೋಗುವ ಕಿರಿದಾದ ರಸ್ತೆ ಈ ಹೊರೆಯನ್ನು ಹೊರಬೇಕೇ ಎಂದು. ಅವರ ವಾದ ನ್ಯಾಯವಾದದ್ದು. ಬೈಪಾಸ್ ಸಂಚಾರಕ್ಕೆ ತೆರೆಯುವವರೆಗೆ ದಿನಕ್ಕೆ ಇಂತಿಷ್ಟೇ ಲಾರಿ ಎಂಬ ಬಿಗಿಯಾದ ಮಿತಿಯನ್ನು ನೀವೂ ಕೇಳಬೇಕು.

ಮಿತಿಯ ಮಾತು ಬಂದಾಗ ಅಂಕಿಗಳನ್ನು ಎಚ್ಚರದಿಂದ ಓದಿ. ಹಿಂಕ್ಲಿಯಲ್ಲಿ ಭಾರಿ ಲಾರಿಗಳ ಓಡಾಟಕ್ಕೆ ಮೂರು ತಿಂಗಳ ಸರಾಸರಿಯಲ್ಲಿ ದಿನಕ್ಕೆ 500, ಯಾವುದೇ ಒಂದು ದಿನ ಗರಿಷ್ಠ 750 ಎಂದು ಷರತ್ತು ಹಾಕಿದ್ದರು. ಇಲ್ಲಿ ಓಡಾಟ ಎಂದರೆ ಒಂದು ದಿಕ್ಕಿನದು, ಅಂದರೆ 500 ಓಡಾಟ ಎಂದರೆ 250 ಲಾರಿ ಬಂದು ಹೋದಂತೆ. ನಿಮ್ಮ ವರದಿಯಲ್ಲಿ "ದಿನಕ್ಕೆ 250 ಲಾರಿ" ಎಂದಿದ್ದರೆ ನಿಮ್ಮ ಕಿವಿಗೆ ಬೀಳುವುದು 500 ಸದ್ದು. ಹನ್ನೆರಡು ಗಂಟೆಗೆ ಹಂಚಿದರೂ ಒಂದೂವರೆ ನಿಮಿಷಕ್ಕೊಂದು. ಸರಾಸರಿ ಎಂಬುದೂ ಮೋಸ ಮಾಡುತ್ತದೆ: ಮಳೆಗಾಲದಲ್ಲಿ ಕೆಲಸ ನಿಂತು, ಆಮೇಲೆ ದುಪ್ಪಟ್ಟು ಲಾರಿ ಬಂದರೂ ಸರಾಸರಿ ಅಚ್ಚುಕಟ್ಟಾಗಿಯೇ ಇರುತ್ತದೆ. ಅದಕ್ಕೇ ದಿನದ ಮಿತಿಯ ಜೊತೆಗೆ ಗಂಟೆಯ ಮಿತಿಯೂ ಬೇಕು. ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಿ ಒಂದೂ ಭಾರಿ ವಾಹನ ಓಡಬಾರದು ಎಂಬ ಷರತ್ತನ್ನು ಖಂಡಿತ ಬಿಟ್ಟುಕೊಡಬೇಡಿ.

ಇನ್ನೊಂದು ಜಾಣತನ ಶೇಕಡಾವಾರು ಲೆಕ್ಕದ್ದು. ಒಂದು ರಸ್ತೆಯಲ್ಲಿ ದಿನಕ್ಕೆ 3,000 ವಾಹನ ಓಡುತ್ತವೆ, ಅದರಲ್ಲಿ ಲಾರಿ 50 ಎಂದುಕೊಳ್ಳಿ. ಅದಕ್ಕೆ 300 ಲಾರಿ ಓಡಾಟ ಸೇರಿದರೆ ವರದಿಯಲ್ಲಿ "ಸಂಚಾರ ಶೇ. 10ರಷ್ಟು ಹೆಚ್ಚಳ" ಎಂದು ಬರೆಯಬಹುದು. ಅದು ಸುಳ್ಳಲ್ಲ. ಆದರೆ ಲಾರಿಗಳ ಸಂಖ್ಯೆ ಏಳು ಪಟ್ಟಾಗಿದೆ. ರಸ್ತೆ ದಾಟುವ ಮಗುವಿಗೆ, ಸೈಕಲ್ ಸವಾರನಿಗೆ, ಧೂಳು ಕುಡಿಯುವ ಅಂಗಡಿಯವನಿಗೆ ಆ ಏಳು ಪಟ್ಟೇ ನಿಜ. ಭಾರಿ ವಾಹನಗಳ ಅಂಕಿಯನ್ನು ಪ್ರತ್ಯೇಕವಾಗಿ ಕೊಡಿ ಎಂದು ಲಿಖಿತವಾಗಿ ಕೇಳಿ.

ಇನ್ನು ಕಾರ್ಮಿಕರು. ಹಿಂಕ್ಲಿಯಲ್ಲಿ ಕೆಲಸ ಜೋರಾಗಿರುವಾಗ 5,600 ಜನ ಬೇಕಾಗಬಹುದು ಎಂದು ಮೊದಲು ಅಂದಾಜಿಸಿದ್ದರು. ಅದನ್ನು 8,600ಕ್ಕೆ ಏರಿಸಿದರು. ಆಮೇಲೆ ಅದೂ ಸಾಲದೆ ಹತ್ತು ಸಾವಿರ ದಾಟಿತು. ಇಷ್ಟು ಜನ ಪಾಳಿ ಬದಲಾಗುವ ಅರ್ಧ ಗಂಟೆಯೊಳಗೆ ಒಂದೇ ರಸ್ತೆಗೆ ಇಳಿದರೆ ಹೆದ್ದಾರಿಯೂ ಉಸಿರುಕಟ್ಟುತ್ತದೆ. ಅಲ್ಲಿ ಸ್ಥಾವರದ ಬಳಿ ಕಾರು ತರಲು ಬಿಡದೆ, ದೂರದಲ್ಲಿ ವಾಹನ ನಿಲುಗಡೆ ಮೈದಾನಗಳನ್ನು ಮಾಡಿ, ಅಲ್ಲಿಂದ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಒಳ್ಳೆಯ ವ್ಯವಸ್ಥೆ. ಆದರೂ ಮೈದಾನದವರೆಗೆ ಹೋಗಲು ಬೇಸರಪಟ್ಟವರು ಬಸ್ ಹಾದಿಯ ಬದಿಯ ವಸತಿ ಬೀದಿಗಳಲ್ಲಿ ಕಾರು ನಿಲ್ಲಿಸಿ ಹತ್ತುವುದು ಅಲ್ಲಿ ದೊಡ್ಡ ದೂರಾಯಿತು. ನಿಮ್ಮಲ್ಲಿ ಕಾರಿನ ಬದಲು ಬೈಕುಗಳೂ, ಜನ ತುಂಬಿದ ಜೀಪುಗಳೂ ಇರಬಹುದು. ಯಾವ ವಾಹನವಾದರೂ ತೊಂದರೆ ಒಂದೇ. ಆದ್ದರಿಂದ ಕಾರ್ಮಿಕರ ವಸತಿ ಎಲ್ಲಿ ಎಂಬುದೂ ಸಂಚಾರದ ಪ್ರಶ್ನೆಯೇ. ಸ್ಥಾವರದ ಪಕ್ಕದಲ್ಲೇ ವಸತಿ ಇದ್ದರೆ ಕೆಲಸಕ್ಕೆ ನಡೆದೇ ಹೋಗುತ್ತಾರೆ, ನಿಮ್ಮ ರಸ್ತೆಗೆ ಬರುವುದೇ ಇಲ್ಲ.

ಎಷ್ಟು ವರ್ಷ ಎಂದು ಕೇಳಿದ್ದೀರಿ. ವರದಿಯಲ್ಲಿ ಬರೆದಿರುವುದಕ್ಕಿಂತ ಹೆಚ್ಚು ಎಂದೇ ಲೆಕ್ಕ ಇಟ್ಟುಕೊಳ್ಳಿ. ಹಿಂಕ್ಲಿಗೆ 2016ರಲ್ಲಿ ಅಂತಿಮ ಒಪ್ಪಿಗೆ ಸಿಕ್ಕಾಗ 2025ಕ್ಕೆ ವಿದ್ಯುತ್ ಎಂದಿದ್ದರು. 2024ರ ಆರಂಭದಲ್ಲಿ ಕಟ್ಟುತ್ತಿರುವ ಕಂಪನಿಯೇ 2029ಕ್ಕಿಂತ ಮೊದಲು ಆಗುವುದಿಲ್ಲ ಎಂದು ಹೇಳಿತು. ಸಂಚಾರ ವರದಿಗಳಲ್ಲಿ "ತಾತ್ಕಾಲಿಕ ಪರಿಣಾಮ" ಎಂಬ ಶಬ್ದ ಧಾರಾಳವಾಗಿ ಬರುತ್ತದೆ. ಒಂದನೇ ತರಗತಿಗೆ ಸೇರಿದ ಮಗು ಹತ್ತನೇ ತರಗತಿ ಮುಗಿಸುವಷ್ಟು ಕಾಲವನ್ನು ತಾತ್ಕಾಲಿಕ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಕೆಲಸ ತಡವಾದರೆ ರಸ್ತೆ ದುರಸ್ತಿಯ ಹೊಣೆಯೂ ಅಷ್ಟೇ ಕಾಲ ಮುಂದುವರಿಯುತ್ತದೆ ಎಂದು ಬರೆಸಿಕೊಳ್ಳಿ.

ಸ್ಥಾವರ ಚಾಲೂ ಆದ ಮೇಲಿನ ಚಿತ್ರ ಬೇರೆ, ಅದನ್ನೂ ನ್ಯಾಯವಾಗಿ ಹೇಳಬೇಕು. 1,000 ಮೆಗಾವ್ಯಾಟ್‌ನ ಲಘು ಜಲ ರಿಯಾಕ್ಟರ್‌ಗೆ (ಸಾಮಾನ್ಯ ನೀರಿನಿಂದ ತಂಪಾಗುವ ರಿಯಾಕ್ಟರ್‌ಗೆ) ವರ್ಷಕ್ಕೆ ಬೇಕಾದ ಇಂಧನ 25 ಟನ್ ಆಸುಪಾಸು, ಕೆಲವೇ ಲಾರಿಗಳಲ್ಲಿ ಬಂದುಬಿಡುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರಕ್ಕೆ ವರ್ಷಕ್ಕೆ ಸುಮಾರು 30 ಲಕ್ಷ ಟನ್ ಕಲ್ಲಿದ್ದಲು ಬೇಕು, ಅದೂ ಅದರ ಆಯುಷ್ಯವಿಡೀ. ಅಣು ಸ್ಥಾವರದಲ್ಲಿ ಆಮೇಲೆ ಉಳಿಯುವುದು ಸಿಬ್ಬಂದಿಯ ದೈನಂದಿನ ಓಡಾಟ, ಜೊತೆಗೆ ಇಂಧನ ಬದಲಾಯಿಸಲು ನಿಲ್ಲಿಸಿದಾಗ ಕೆಲವು ವಾರ ಹೊರಗಿನಿಂದ ಬರುವ ಹೆಚ್ಚುವರಿ ಕೆಲಸಗಾರರು. ಭಾರವೆಲ್ಲ ಕಟ್ಟುವ ವರ್ಷಗಳ ಮೇಲೆಯೇ ಬೀಳುತ್ತದೆ.

ನೀವು ಕೇಳದೇ ಇದ್ದ ಒಂದು ವಿಷಯವನ್ನು ಸೇರಿಸಲೇಬೇಕು. ನಿಮ್ಮಲ್ಲಿರುವುದು ಏಕೈಕ ರಸ್ತೆ ಎಂದಿದ್ದೀರಿ. ಲಾರಿ ಬರುವ ದಾರಿಯೇ ತುರ್ತು ಸಂದರ್ಭದಲ್ಲಿ ಜನ ಹೊರಹೋಗುವ ದಾರಿಯೂ ಹೌದು. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಶೋರ್‌ಹ್ಯಾಮ್ ಎಂಬ ಅಣು ಸ್ಥಾವರವನ್ನು ಪೂರ್ತಿ ಕಟ್ಟಿದ್ದರು. ಅಪಘಾತವಾದರೆ ಆ ಉದ್ದನೆಯ ದ್ವೀಪದಿಂದ ಜನರನ್ನು ಸುರಕ್ಷಿತವಾಗಿ ತೆರವುಗೊಳಿಸಲು ಸಾಧ್ಯವಿಲ್ಲ ಎಂದು 1983ರಲ್ಲಿ ಅಲ್ಲಿನ ಕೌಂಟಿ (ಜಿಲ್ಲಾ) ಆಡಳಿತ ತೀರ್ಮಾನಿಸಿತು. 1989ರಲ್ಲಿ ಸ್ಥಾವರವನ್ನು ಮುಚ್ಚುವ ಒಪ್ಪಂದವಾಯಿತು. ವಾಣಿಜ್ಯ ಮಟ್ಟದಲ್ಲಿ ಅದು ಒಂದು ದಿನವೂ ವಿದ್ಯುತ್ ಕೊಡಲಿಲ್ಲ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರಕ್ಕೆ ತುರ್ತಾಗಿ ವಿದ್ಯುತ್ ಒದಗಿಸಲು ಹೊರಟ ಜನರೇಟರ್ ವಾಹನಗಳು ಭೂಕಂಪದಿಂದ ಹಾಳಾದ ರಸ್ತೆ ಮತ್ತು ವಾಹನ ದಟ್ಟಣೆಯಲ್ಲಿ ಸಿಲುಕಿ ತಡವಾದವು. ಎರಡನೇ ದಾರಿ ಇಲ್ಲದೆ ಇಂಥ ಸ್ಥಾವರ ಬರಬಾರದು. ಆ ಎರಡನೇ ದಾರಿ ಹೇಗೂ ಬೇಕೆಂದಾದರೆ ಅದನ್ನು ಮೊದಲೇ ಕಟ್ಟಿ ಲಾರಿಗಳಿಗೂ ಬಳಸಿ ಎಂದು ಕೇಳುವುದು ನಿಮ್ಮ ಬಲವಾದ ವಾದವಾಗುತ್ತದೆ.

ಸಭೆಗೆ ಹೋಗುವ ಮುನ್ನ ನಿಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ಈಗಿನ ಸ್ಥಿತಿಯನ್ನು ದಾಖಲಿಸಿ. ನಾಲ್ಕೈದು ಜನ ಸೇರಿ, ಹಬ್ಬ ಜಾತ್ರೆಗಳಿಲ್ಲದ ಒಂದು ಸಾಮಾನ್ಯ ವಾರದಲ್ಲಿ ಬೆಳಗಿನಿಂದ ಸಂಜೆಯವರೆಗೆ ವಾಹನಗಳನ್ನು ಎಣಿಸಿ. ಲಾರಿ, ಬಸ್ಸು, ಕಾರು, ಬೈಕು, ಸೈಕಲ್, ನಡೆದು ಹೋಗುವವರು, ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಯಿರಿ. ರಸ್ತೆ, ಮೋರಿ, ಸೇತುವೆ, ರಸ್ತೆ ಬದಿಯ ಮನೆಗಳ ಗೋಡೆ ಇವುಗಳ ಫೋಟೊಗಳನ್ನು ದಿನಾಂಕ ಕಾಣುವಂತೆ ತೆಗೆದಿಡಿ. ಮುಂದೆ ಗೋಡೆ ಬಿರುಕು ಬಿಟ್ಟಾಗ "ಅದು ಮೊದಲೇ ಇತ್ತು" ಎಂಬ ಉತ್ತರ ಬರುತ್ತದೆ. ಆಗ ತೋರಿಸಲು ಅವು ಬೇಕಾಗುತ್ತವೆ. ಎಣಿಕೆಯ ಪ್ರತಿಯನ್ನು ಸಭೆಯಲ್ಲಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.